ಟೋಪಿಯವಳ ಸ್ನಾನದ ತಟ್ಟೆ

ಕ್ಯಾನರಿ ಹಕ್ಕಿಯ ಮೂರನೆಯ ಮೊಟ್ಟೆಯೊಳಗೂ ಮರಿ ಇತ್ತು. ಕೊಕ್ಕು, ಕಾಲುಗುರು, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಿನ ಕಪ್ಪು, ಎಲ್ಲವೂ ಇತ್ತು. ಜೀವ ಇರಲಿಲ್ಲ. ಬೀಗದವನು ಸೇಫ್ಟಿ ಪಿನ್ನಿನ ತುದಿಯಿಂದ ಚಿಪ್ಪನ್ನು ಚೂರುಚೂರಾಗಿ ಬಿಡಿಸುತ್ತಿದ್ದ. ಒಳಗಿನ ಪೊರೆ ಒಣಗಿದ ಗೋಂದಿನ ಹಾಗೆ ಮರಿಯ ಮೈಗೆ ಹತ್ತಿಕೊಂಡಿತ್ತು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಅವನು ಈ ಕೆಲಸಕ್ಕೆ ಕೂತಿದ್ದ. ಎದುರಿಗೆ ಅವನ ತಾಯಿ, ಕಿಟಕಿಯ ಹತ್ತಿರ ಕಾಲೇಜಿಗೆ ಹೋಗುವ ಮಗಳು, ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ.

“ಇದೂ ಹೋಯ್ತಾ?” ಎಂದಳು ತಾಯಿ.

“ಇನ್ನೊಂದಿದೆ.”

ಇನ್ನೊಂದೂ ಹಾಗೆಯೇ ಇತ್ತು. ಅವನು ಪಿನ್ನು ಕೆಳಗಿಟ್ಟು, ಪೇಪರನ್ನು ಮಡಚಿ, ಮೇಜಿನ ಅಂಚಿಗೆ ಸರಿಸಿದ. ಆ ಮನೆಯಲ್ಲಿ ಮೇಜಿನ ಅಂಚಿಗೆ ಸರಿಸಿದ್ದನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ ಎಂದು ಅರ್ಥ. ಹೆಂಡತಿ ಬಂದು ಎತ್ತಿಕೊಂಡಳು.

“ಎರಡನೇ ಸಲ,” ಅವನು ಯಾರ ಮುಖವನ್ನೂ ನೋಡದೆ ಹೇಳಿದ. “ಹಿಂದಿನ ವರ್ಷ, ಅದರ ಹಿಂದಿನ ವರ್ಷ, ಒಂದೇ ಒಂದು ಮರಿನೂ ಚಿಪ್ಪಲ್ಲಿ ಸತ್ತಿರಲಿಲ್ಲ. ಬೀಗ ತೆರೀಲಿಲ್ಲ ಅಂದ್ರೆ ಏನು ಬದಲಾಗಿದೆ ಅಂತ ನೋಡ್ಬೇಕು. ಈ ಮನೇಲಿ ಬದಲಾಗಿರೋದು ಒಂದೇ.”

ಅದು ಯಾವುದು ಎಂದು ಯಾರೂ ಕೇಳಲಿಲ್ಲ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಳು.

ಬೀದಿಯವರು ಅವಳನ್ನು ಇಷ್ಟು ವರ್ಷವೂ ಬೀಗದವನ ಹೆಂಡತಿ ಎಂದೇ ಕರೆದಿದ್ದರು. ಲಾಂಡ್ರಿಗೆ ಸೇರಿ ಒಂದು ವಾರಕ್ಕೆ ಅವಳಿಗೆ ಬೇರೊಂದು ಹೆಸರು ಬಂತು. ಆಸ್ಪತ್ರೆಯ ದೊಡ್ಡ ಚಾದರವನ್ನು ಒಬ್ಬಳೇ ಗದ್ದದ ಕೆಳಗೆ ಹಿಡಿದು, ಎರಡು ತೋಳು ಚಾಚಿ, ಮೂಲೆಗೆ ಮೂಲೆ ಕೂಡಿಸಿ ಮಡಚುವುದನ್ನು ನೋಡಿ ಅಲ್ಲಿನವರು ಚಾದರದಕ್ಕ ಎಂದರು. ಅವಳಿಗೆ ಆ ಹೆಸರು ಇಷ್ಟವಾಯಿತು. ಲಾಂಡ್ರಿಯಲ್ಲಿ ಇನ್ನೊಂದು ಸಂಗತಿಯೂ ಇಷ್ಟವಾಗಿತ್ತು. ಅಲ್ಲಿ ಕೆಲಸ ಮುಗಿಯುತ್ತಿತ್ತು. ರಾಶಿ ಕರಗಿ, ಮಡಚಿದ್ದು ಗಾಡಿಯ ಮೇಲೆ ಹೋಗಿ, ಮೇಜು ಖಾಲಿಯಾಗಿ, ಗಂಟೆ ಹೊಡೆಯುತ್ತಿತ್ತು. ಮನೆಯ ಕೆಲಸಕ್ಕೆ ಗಂಟೆ ಹೊಡೆದದ್ದನ್ನು ಅವಳು ಇದುವರೆಗೆ ಕೇಳಿರಲಿಲ್ಲ.

ಕ್ಯಾನರಿ ಹಕ್ಕಿ ಸಾಕುವುದು ಬೀಗದವನ ಹವ್ಯಾಸ. ಬಾಲ್ಕನಿಯಲ್ಲಿ ಎರಡು ಪಂಜರ. ಹಾಡುವ ಗಂಡಿಗೆ ಗವಾಯಿ ಎಂದೂ ತಲೆಯ ಮೇಲೆ ಬೂದು ಗರಿಯ ಜುಟ್ಟಿದ್ದ ಹೆಣ್ಣಿಗೆ ಟೋಪಿಯವಳು ಎಂದೂ ಅವನೇ ಹೆಸರಿಟ್ಟಿದ್ದ. ಜೋಡಿ ಕಟ್ಟುವುದು, ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು, ಬಂದವರಿಗೆ ತೋರಿಸುವುದು ಅವನ ಪಾಲು. ಟೋಪಿಯವಳು ದಿನಕ್ಕೊಂದರಂತೆ ಮೊಟ್ಟೆ ಇಟ್ಟಾಗ ಅದನ್ನು ಚಮಚದಲ್ಲಿ ಎತ್ತಿ ಹತ್ತಿಯ ಮೇಲಿಟ್ಟು, ಗೂಡಿನಲ್ಲಿ ಪ್ಲಾಸ್ಟಿಕ್ ಮೊಟ್ಟೆ ಇಡುವುದೂ ಅವನದೇ. ನಾಲ್ಕೂ ಆದ ಮೇಲೆ ನಿಜವಾದ ಮೊಟ್ಟೆಗಳನ್ನು ಒಟ್ಟಿಗೆ ಹಿಂದಕ್ಕೆ ಇಟ್ಟರೆ ಮರಿಗಳು ಒಂದೇ ದಿನ ಹೊರಬರುತ್ತವೆ, ದೊಡ್ಡದು ಚಿಕ್ಕದನ್ನು ತುಳಿಯುವುದಿಲ್ಲ. “ಅಪ್ಪ ಹಕ್ಕಿಗೂ ಸುಳ್ಳು ಹೇಳ್ತಾರೆ,” ಎನ್ನುತ್ತಿದ್ದಳು ಮಗಳು.

ಉಳಿದದ್ದೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಹಿಕ್ಕೆಯ ತಟ್ಟೆ ಕೆರೆಯುವುದು, ಕಾಳಿನ ಹೊಟ್ಟು ಊದುವುದು, ಕೋಳಿಮೊಟ್ಟೆ ಬೇಯಿಸಿ ಪುಡಿ ಮಾಡುವುದು, ಗರಿ ಹಾರಿ ಬಿದ್ದ ಬಟ್ಟೆಯನ್ನು ಮತ್ತೆ ಒಗೆಯುವುದು. ಗಂಡ, ಮಗಳು ಹೊರಗೆ ಹೋದ ಮೇಲೆ, ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಇನ್ನೂ ಇರುವಾಗ, ಅಂಚು ಒಡೆದ ಒಂದು ಚಹಾ ತಟ್ಟೆಯಲ್ಲಿ ನೀರು ತುಂಬಿ ಅವಳು ಪಂಜರದೊಳಗೆ ಇಡುತ್ತಿದ್ದಳು. ಟೋಪಿಯವಳು ಗೂಡಿನಿಂದ ಧುಮುಕಿ, ನೀರಿನಲ್ಲಿ ಹೊಟ್ಟೆಯೂರಿ ಮುಳುಗಿ, ಗೋಡೆಗೆಲ್ಲ ಹನಿ ಸಿಡಿಸಿ, ಒದ್ದೆ ಮೈಯಲ್ಲೇ ಮತ್ತೆ ಮೊಟ್ಟೆಗಳ ಮೇಲೆ ಹೋಗಿ ಕೂರುತ್ತಿತ್ತು. ಅಷ್ಟು ಹೊತ್ತು ಅವಳು ಹೊಸ್ತಿಲ ಮೇಲೆ ಕೂತು ತನ್ನ ಚಹಾ ಕುಡಿಯುತ್ತಿದ್ದಳು. ಆಮೇಲೆ ನೆಲ ಒರೆಸುತ್ತಿದ್ದಳು.

ಲಾಂಡ್ರಿಗೆ ಸೇರುವ ಮುಂಚೆ ಅವಳು ಪ್ರತಿಯೊಂದು ಕೆಲಸವನ್ನೂ ಮಗಳಿಗೋ ಗಂಡನಿಗೋ ತೋರಿಸಿ ಒಪ್ಪಿಸಿದ್ದಳು. ತಟ್ಟೆಯ ವಿಷಯ ಮಾತ್ರ ಹೇಳಿರಲಿಲ್ಲ. ಅದು ಕೆಲಸ ಎಂದು ಅವಳಿಗೇ ಅನ್ನಿಸಿರಲಿಲ್ಲ.

“ಇನ್ನೊಂದು ಸಲ ಮೊಟ್ಟೆ ಇಡುತ್ತೆ,” ಬೀಗದವನು ಕೈ ತೊಳೆದುಕೊಂಡು ಬಂದು ಹೇಳಿದ. “ಅದಾದ್ಮೇಲೆ ಈ ವರ್ಷಕ್ಕೆ ಮುಗೀತು. ಈ ಸಲಾನೂ ಮರಿ ಬರ್ಲಿಲ್ಲ ಅಂದ್ರೆ ನೀನು ಲಾಂಡ್ರಿ ಬಿಡು.”

ಅವನು ಕೂಗಾಡುವವನಲ್ಲ, ಕೈ ಎತ್ತುವವನಲ್ಲ. ಕೆಟ್ಟ ಗಂಡನಾಗಿದ್ದರೆ ಜಗಳ ಆಡಬಹುದಿತ್ತು. ಇವನು ಬೇಸರ ಮಾಡಿಕೊಂಡು ಊಟ ಬಿಡುತ್ತಿದ್ದ, ಮನೆಯೆಲ್ಲ ಸಾವಾದ ಹಾಗೆ ಆಗುತ್ತಿತ್ತು. ಎರಡು ತಿಂಗಳಿನಿಂದ ಅದೇ ಆಗುತ್ತಿತ್ತು.

“ಮರಿ ಬಂದ್ರೆ?” ಎಂದಳು ಅವಳು.

“ಬಂದ್ರೆ ನಾನ್ಯಾಕೆ ಮಾತಾಡ್ಲಿ?”

“ಬಂದ್ರೆ ಲಾಂಡ್ರಿ ಮಾತನ್ನ ನೀವು ಮತ್ತೆ ಎತ್ತಬಾರದು. ಯಾವತ್ತೂ.”

“ಆಯ್ತು.”

“ನಾನು ಕೇಳಿಸ್ಕೊಂಡಿದ್ದೀನಿ,” ಎಂದಳು ಅತ್ತೆ. ಯಾರ ಪರವಾಗಿ ಕೇಳಿಸಿಕೊಂಡಳು ಎಂದು ಅವಳ ಮುಖದಿಂದ ತಿಳಿಯುವ ಹಾಗಿರಲಿಲ್ಲ.

ಟೋಪಿಯವಳು ಈ ಸಲ ಮೂರೇ ಮೊಟ್ಟೆ ಇಟ್ಟಿತು. ಕಾವಿಗೆ ಕೂತು ವಾರವಾದ ಮೇಲೆ ಒಂದು ಸಂಜೆ ಬೀಗದವನು ಮೊಬೈಲಿನ ಬೆಳಕಿನ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಮೂರರಲ್ಲೂ ಕೆಂಪು ನರಗಳು ಜೇಡರ ಬಲೆಯಂತೆ ಹರಡಿದ್ದವು.

“ಗವಾಯಿದೇನೂ ತಪ್ಪಿಲ್ಲ,” ಅವನು ನಿರಾಳವಾಗಿ ಹೇಳಿದ.

“ಎಲ್ಲಾ ಮನೇಲೂ ಮೊದಲು ಅದನ್ನೇ ನೋಡ್ಕೊಳ್ಳೋದು,” ಎಂದಳು ಅವನ ತಾಯಿ, ಮಾತ್ರೆ ನುಂಗುತ್ತಾ.

ಮಗಳು ನಕ್ಕಳು. ಚಾದರದಕ್ಕನಿಗೆ ನಗು ಬರಲಿಲ್ಲ. ಹಿಂದಿನ ಎರಡು ಸಲ ಸತ್ತ ಏಳೂ ಮೊಟ್ಟೆಗಳಲ್ಲಿ ಇದೇ ನರಗಳನ್ನು ಅವಳು ಕಂಡಿದ್ದಳು. ಮರಿ ಬೆಳೆಯುವುದಕ್ಕೆ ಅಡ್ಡಿ ಇರಲಿಲ್ಲ, ಹೊರಗೆ ಬರುವ ಹೊತ್ತಿಗೆ ಏನೋ ತಡೆಯುತ್ತಿತ್ತು. ಅದೇನು ಎಂದು ತಿಳಿಯದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೆಳಗ್ಗೆ ಕತ್ತಲಿರುವಾಗಲೇ ಮನೆ ಬಿಡುವ ಮುಂಚೆ ಪಂಜರದ ಮುಂದೆ ನಿಲ್ಲುತ್ತಿದ್ದಳು. ಟೋಪಿಯವಳು ಗೂಡಿನ ಅಂಚಿನಿಂದ ಜುಟ್ಟು ಮಾತ್ರ ಕಾಣಿಸುತ್ತಾ ಕೂತಿರುತ್ತಿತ್ತು. ತನ್ನ ನೌಕರಿ ಆ ಒಂದು ಹಿಡಿ ಗರಿಯ ಕೆಳಗೆ ಇದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅವಳ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದವಳು ಬಾಯಿಬಡುಕಿಯಾದ ಒಬ್ಬ ಹಿರಿಯಳು. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಒಂದು ದಿನ ಒಣಗಿಸುವ ಯಂತ್ರದಲ್ಲಿ ಹೆಚ್ಚು ಹೊತ್ತು ಉಳಿದುಬಿಟ್ಟ ಚಾದರಗಳ ರಾಶಿ ಬಂತು. ಮುದ್ದೆಯಾಗಿ ಒಣಗಿ ಕಾಗದದಂತೆ ಬಿರುಸಾಗಿದ್ದವು. ಚಾದರದಕ್ಕ ಒಂದನ್ನು ಎಳೆದಳು. ಪದರಕ್ಕೆ ಪದರ ಅಂಟಿಕೊಂಡು ಬಿಚ್ಚಲೇ ಇಲ್ಲ.

“ಎಳೀಬೇಡ್ವೇ, ಹರಿದೀಯ,” ಎಂದು ದೊಡ್ಡಮ್ಮ ಮಗ್ಗಿನಲ್ಲಿ ಕೈಯದ್ದಿ ಅದರ ಮೇಲೆ ನೀರು ಚಿಮುಕಿಸಿದಳು. “ನೀರು ಕಾಣದೆ ಒಣಗಿದ್ದು ಬಿಡಿಸಿಕೊಳ್ಳಲ್ಲ ಕಣೇ. ಸ್ವಲ್ಪ ಹಸಿ ಸಿಕ್ಕಿದ್ರೆ ತಾನಾಗೇ ಬಿಟ್ಕೊಳ್ಳುತ್ತೆ. ನಮ್ಮನೆಯವರನ್ನೂ ನಾನು ಹೀಗೇ ದಾರಿಗೆ ತಂದಿದ್ದು, ಮುಖಕ್ಕೆ ನೀರೆರಚಿ.”

ಸುತ್ತಲಿನವರು ನಕ್ಕರು. ಚಾದರದಕ್ಕ ಕೈಯಲ್ಲಿನ ಚಾದರವನ್ನು ಹಿಡಿದುಕೊಂಡೇ ನಿಂತಳು. ಪೇಪರಿನ ಮೇಲಿನ ಮರಿ ಕಣ್ಣ ಮುಂದೆ ಬಂತು. ಮೈಗೆ ಹತ್ತಿಕೊಂಡ ಪೊರೆ. ಹಿಂದೆಯೇ ಒಡಕು ಅಂಚಿನ ತಟ್ಟೆ, ಗೋಡೆಯ ಮೇಲಿನ ಹನಿ, ಒದ್ದೆ ಹೊಟ್ಟೆಯಲ್ಲಿ ಗೂಡಿಗೆ ಹತ್ತುವ ಟೋಪಿಯವಳು.

“ಏನೇ, ದೆವ್ವ ಕಂಡವಳ ಹಾಗೆ ನಿಂತಿದ್ದೀಯಾ?”

“ತಟ್ಟೆ,” ಎಂದಳು ಅವಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ತಟ್ಟೆಯೇ ಕಾರಣವಾಗಿದ್ದರೆ ಗಂಡ ಹೇಳಿದ್ದು ನಿಜವಾದಂತಾಯಿತು. ಅವಳು ಮನೆಯಲ್ಲಿ ಇಲ್ಲದ್ದಕ್ಕೇ ಮರಿಗಳು ಸತ್ತಿದ್ದವು. ಹೇಳಿದರೆ ಅವನ ಕೈಗೆ ತಾನೇ ದೊಣ್ಣೆ ಕೊಟ್ಟಂತೆ. ಹೇಳದಿದ್ದರೆ ಮೊಟ್ಟೆಗಳು ಸಾಯುತ್ತವೆ, ನೌಕರಿಯೂ ಹೋಗುತ್ತದೆ. ತಾನೇ ಗುಟ್ಟಾಗಿ ಇಡೋಣವೆಂದರೆ ಅವಳು ಮನೆ ಬಿಡುವ ಹೊತ್ತಿಗೆ ಕತ್ತಲು, ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ತಣ್ಣನೆ ನೆರಳು. ಹಕ್ಕಿ ಬಿಸಿಲಿಲ್ಲದೆ ಮೀಯುವುದಿಲ್ಲ. ಮಿಂದರೂ ತಣ್ಣಗಾದ ಮೈಯಲ್ಲಿ ಮೊಟ್ಟೆಯ ಮೇಲೆ ಕೂತರೆ ಇನ್ನೂ ಕೇಡು. ಮಗಳು ಬೆಳಗ್ಗೆ ಬೇಗನೆ ಕಾಲೇಜಿಗೆ ಹೋಗುತ್ತಿದ್ದಳು. ಮೊಟ್ಟೆಯೊಡೆಯುವುದಕ್ಕೆ ಉಳಿದಿದ್ದದ್ದು ಕೆಲವೇ ದಿನ. ಬಿಸಿಲಿನ ಹೊತ್ತಿಗೆ ಮನೆಯಲ್ಲಿ ಇರುವವರು ಇಬ್ಬರೇ: ಅತ್ತೆ, ಮತ್ತು ಹತ್ತಕ್ಕೆ ಅಂಗಡಿ ತೆರೆಯುವ ಬೀಗದವನು.

ಮೊದಲು ಅತ್ತೆಯ ಹತ್ತಿರ ಹೋದಳು. ಒಡಕು ತಟ್ಟೆ ಅಲ್ಲೇ ಇತ್ತು. ಅತ್ತೆ ಅದರಲ್ಲಿ ಮಾತ್ರೆಗಳನ್ನು ಇಟ್ಟುಕೊಂಡಿದ್ದಳು.

“ಅತ್ತೆ, ಬೆಳಗ್ಗೆ ಬಿಸಿಲು ಬಂದಾಗ ಈ ತಟ್ಟೇಲಿ ಸ್ವಲ್ಪ ನೀರು ಹಾಕಿ ಟೋಪಿಯವಳ ಹತ್ರ ಇಡ್ತೀರಾ? ಅಷ್ಟೇ. ಮೊಟ್ಟೆಗೆ ಹಸಿ ಬೇಕು ಅನ್ಸುತ್ತೆ.”

ಅತ್ತೆ ಪೂರ್ತಿ ಕೇಳಿದಳು. ಆಮೇಲೆ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಒಂದು ಲೋಟಕ್ಕೆ ಹಾಕಿ, ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟಳು.

“ತಟ್ಟೆ ಬೇಕಾದ್ರೆ ತಗೋ. ನಾನು ಇಡಲ್ಲ.”

“ಒಂದು ತಟ್ಟೆ ನೀರು, ಅತ್ತೆ.”

“ಒಂದು ತಟ್ಟೆ ನೀರು, ಒಂದು ಹಿಡಿ ಕಾಳು, ಒಂದು ಚೂರು ಗುಡಿಸೋದು. ಇವನಪ್ಪ ಮೀನು ಸಾಕಿದ್ರು. ಅವರು ಸತ್ತ ದಿನವೂ ಆ ತೊಟ್ಟಿಯ ನೀರು ಬದಲಾಯಿಸಿದವಳು ನಾನು. ಇವನಿಗೆ ಎರಡು ಕೈ ಕೊಟ್ಟು ಹೆತ್ತಿದ್ದೀನಿ. ಅವನ ಹಕ್ಕಿ, ಅವನೇ ಇಡ್ಲಿ.”

“ಅವರಿಗೆ ಹೇಳಿದ್ರೆ ನನ್ನನ್ನ ಮನೇಲಿ ಕೂರಿಸ್ತಾರೆ.”

“ಅದು ನೀನು ಹೇಗೆ ಹೇಳ್ತೀಯ ಅನ್ನೋದರ ಮೇಲಿದೆ,” ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಚಾದರದಕ್ಕನಿಗೆ ಆಗ ಅವಳ ಮೇಲೆ ಬಂದ ಸಿಟ್ಟು ಗಂಡನ ಮೇಲೂ ಬಂದಿರಲಿಲ್ಲ.

ಸಂಜೆ ಬೀಗದವನು ಮೇಜಿನ ಮೇಲೆ ಯಾರದೋ ಕೀಲಿಕೈಯ ಹಲ್ಲು ಅರದಿಂದ ತೀಡುತ್ತಿದ್ದ. ಅವಳು ತಟ್ಟೆಯನ್ನು ಅವನ ಮುಂದೆ ಇಟ್ಟಳು. ಮೇಜಿನ ಅಂಚಿಗಲ್ಲ, ನಟ್ಟನಡುವೆ.

“ಏನಿದು?”

ಅವಳು ಹೇಳಿದಳು. ದಿನಾ ತಟ್ಟೆ ಇಡುತ್ತಿದ್ದದ್ದು, ಹಕ್ಕಿ ಒದ್ದೆ ಮೈಯಲ್ಲಿ ಕಾವಿಗೆ ಕೂರುತ್ತಿದ್ದದ್ದು, ಲಾಂಡ್ರಿಗೆ ಸೇರಿದ ಮೇಲೆ ಅದು ನಿಂತದ್ದು, ಪೊರೆ ಒಣಗಿ ಮರಿಯನ್ನು ಹಿಡಿದುಕೊಂಡದ್ದು. ಯಾವುದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಎರಡು ಕೈಯನ್ನೂ ಕುರ್ಚಿಯ ಬೆನ್ನಿನ ಮೇಲೆ ಒತ್ತಿ ಹಿಡಿದಿದ್ದಳು.

ಅವನು ಅರವನ್ನು ಕೆಳಗಿಟ್ಟ. “ಅಂದ್ರೆ ನಾನು ಹೇಳಿದ್ದೇ ಸರಿ. ನೀನು ಮನೇಲಿ ಇರ್ಬೇಕು ಅಂತಾಯ್ತು.”

“ತಟ್ಟೆ ಇರ್ಬೇಕು ಅಂತಾಯ್ತು. ನಾನಲ್ಲ.”

“ತಟ್ಟೆ ತಾನಾಗೇ ನಡ್ಕೊಂಡು ಹೋಗುತ್ತಾ ಪಂಜರಕ್ಕೆ?”

“ನೀವು ಆ ಹೊತ್ತಲ್ಲಿ ಮನೇಲೇ ಇರ್ತೀರಿ. ಕಾಲು ನಿಮಗೂ ಇದೆ.”

“ಖಾತ್ರಿಯಾಗಿ ಹೇಳ್ತೀಯಾ, ತಟ್ಟೆಯಿಂದಾನೇ ಅಂತ?”

“ಇಲ್ಲ. ಖಾತ್ರಿ ಇಲ್ಲ. ಮೊಟ್ಟೆ ಒಳಗೆ ನಾನು ಹೋಗಿ ನೋಡಿಲ್ಲ.”

ಅವನು ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ತೀಡತೊಡಗಿದ. ತಟ್ಟೆ ಮೇಜಿನ ಮೇಲೆ ಹಾಗೆಯೇ ಇತ್ತು. ಅದನ್ನು ಎತ್ತಿಡಲು ಅವಳ ಕೈ ತಾನಾಗಿ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಮರುದಿನ ಲಾಂಡ್ರಿಯಲ್ಲಿ ಬಿಸಿಲೇರಿದ ಹೊತ್ತಿಗೆ ಅವಳು ಒಂದು ಚಾದರವನ್ನು ತಿರುವುಮುರುವಾಗಿ ಮಡಚಿದಳು. ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಬಾಲ್ಕನಿಗೆ ಹೋದಳು. ತಟ್ಟೆ ಪಂಜರದ ಪಕ್ಕದಲ್ಲಿ ಮಗುಚಿತ್ತು. ಕೆಳಗೆ ನೆಲದ ಮೇಲೆ ನೀರು ಹರಿದು, ಕಾಳಿನ ಹೊಟ್ಟು ಸೇರಿ, ಒಣಗಿ, ನಕ್ಷೆಯ ಹಾಗೆ ಕಲೆಯಾಗಿತ್ತು. ಇಟ್ಟಿದ್ದಾನೆ. ಒರೆಸಿಲ್ಲ. ಒರೆಸುವುದೂ ಅದೇ ಕೆಲಸದ ಬಾಲ ಎಂದು ಅವನಿಗೆ ಹೊಳೆದಿಲ್ಲ. ಅವಳು ಆ ಕಲೆಯನ್ನು ಹಾಗೆಯೇ ಬಿಟ್ಟಳು. ಒರೆಸದೆ ಒಳಗೆ ಬರುವುದು ಅವಳಿಗೆ ಮೈಮೇಲೆ ಇರುವೆ ಹರಿದಷ್ಟು ಕಷ್ಟವಾಯಿತು.

ಅದರ ಮರುದಿನವೂ ಹೊಸ ಕಲೆ ಇತ್ತು. ಮೂರನೆಯ ದಿನ ಇರಲಿಲ್ಲ.

“ಇವತ್ತು ಇಟ್ರಾ, ಅತ್ತೆ?”

“ನಾನು ಕಾವಲಿಗೆ ಕೂತಿಲ್ಲ.”

ಗಂಡನನ್ನು ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಕೇಳಿದರೆ ನೆನಪಿಸುವ ಕೆಲಸವೂ ತನ್ನ ತಲೆಗೇ ಬರುತ್ತದೆ. ಕೇಳದಿದ್ದರೆ ರಾತ್ರಿ ನಿದ್ದೆ ಇಲ್ಲ. ಅವಳು ಕೇಳಲಿಲ್ಲ.

ಮೊಟ್ಟೆಯೊಡೆಯಬೇಕಾದ ದಿನ ಭಾನುವಾರವಾಗಿತ್ತು. ಬೆಳಗಿನಿಂದ ಬೀಗದವನು ಸ್ಟೂಲಿನ ಮೇಲೆ ಕೂತಿದ್ದ. ಟೋಪಿಯವಳು ಎದ್ದಾಗಲೆಲ್ಲ ಅವನು ಕತ್ತು ಚಾಚುತ್ತಿದ್ದ, ಮೂರು ಮೊಟ್ಟೆಗಳು ಹಾಗೆಯೇ ಕಾಣುತ್ತಿದ್ದವು. ಮಧ್ಯಾಹ್ನವಾಯಿತು. ಅವನು ಊಟಕ್ಕೆ ಬರಲಿಲ್ಲ. ಸಂಜೆಯ ಹೊತ್ತಿಗೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು.

“ನೀರಲ್ಲಿ ಬಿಟ್ಟು ನೋಡೋಣ. ಹಕ್ಕಿ ಅಂಗಡಿಯವನು ಹೇಳಿದ್ದ. ಮರಿ ಬದುಕಿದ್ರೆ ಮೊಟ್ಟೆ ಅಲ್ಲಾಡುತ್ತೆ.”

“ಬಿರುಕು ಇದ್ರೆ?”

“ಇದ್ರೆ ನೀರು ಒಳಗೆ ಹೋಗಿ ಸಾಯುತ್ತೆ. ಅದಕ್ಕೇ ಮೊದಲು ನೋಡ್ಬೇಕು.”

ಮಗಳು ಬೆಳಕು ಹಿಡಿದಳು. ಮೂರು ಮೊಟ್ಟೆಗಳಲ್ಲೂ ಬಿರುಕಿರಲಿಲ್ಲ. ಚಾದರದಕ್ಕ ಒಂದು ಬಟ್ಟಲಿಗೆ ಬಿಸಿನೀರು, ತಣ್ಣೀರು ಬೆರೆಸಿ ಮಣಿಕಟ್ಟಿನ ಒಳಮೈಗೆ ಒಂದು ಹನಿ ಬಿಟ್ಟುಕೊಂಡಳು. ಹಿಂದೆ ಮಗಳ ಸ್ನಾನಕ್ಕೆ ಹೀಗೆಯೇ ನೋಡುತ್ತಿದ್ದಳು. ಬೀಗದವನು ಚಮಚದಿಂದ ಮೊದಲನೆಯ ಮೊಟ್ಟೆಯನ್ನು ನೀರಿಗಿಳಿಸಿದ.

ಅದು ತೇಲಿತು. ಒಂದು ಸುತ್ತು ತಿರುಗಿ ನಿಂತಿತು. ಎಲ್ಲರೂ ಬಗ್ಗಿ ನೋಡಿದರು. ಗಾಜಿನಲ್ಲಿ ಇಟ್ಟ ಬೊಂಬೆಯ ಹಾಗೆ ಅದು ಸುಮ್ಮನಿತ್ತು.

“ತೆಗಿ,” ಎಂದಳು ಅತ್ತೆ ಮೆಲ್ಲಗೆ.

ಎರಡನೆಯದು ಸ್ವಲ್ಪ ವಾಲಿತು, ನಿಂತಿತು, ಮತ್ತೆ ವಾಲಿತೋ ಇಲ್ಲವೋ ಹೇಳಲಾಗುತ್ತಿರಲಿಲ್ಲ. “ಅಲ್ಲಾಡ್ತಲ್ವಾ?” ಎಂದಳು ಮಗಳು. ಬೀಗದವನು ಅದನ್ನು ಚಮಚದಲ್ಲಿ ಎತ್ತಿ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಹಿಡಿದುಕೊಂಡ. ಆ ಕೈ ನೋಡಿ ಚಾದರದಕ್ಕನಿಗೆ ಒಂದು ಕ್ಷಣ ಪಂದ್ಯವೇ ಮರೆತುಹೋಯಿತು.

ಮೂರನೆಯದನ್ನು ಇಳಿಸಿದ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು.

“ನೋಡು, ನೋಡು,” ಎಂದ ಅವನು.

“ಫ್ಯಾನು,” ಎಂದಳು ಅತ್ತೆ.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಗಳು ಓಡಿ ಆರಿಸಿದಳು. ರೆಕ್ಕೆಗಳು ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ನಿಂತವು. ನೀರು ಗಾಜಿನ ಹಾಗೆ ಸಮವಾಯಿತು. ಮೊಟ್ಟೆಯೂ ನಿಂತಿತು. ಚಾದರದಕ್ಕ ಲಾಂಡ್ರಿಯ ಗಂಟೆಯನ್ನು, ಖಾಲಿ ಮೇಜನ್ನು, ದೊಡ್ಡಮ್ಮನ ಮಗ್ಗನ್ನು ನೆನೆದಳು.

ಆಗ ಮೊಟ್ಟೆ ಒಮ್ಮೆ ಮಿಡುಕಿತು. ಒಳಗಿನಿಂದ ಯಾರೋ ಮೊಣಕೈಯಿಂದ ತಿವಿದ ಹಾಗೆ. ಒಂದೇ ಒಂದು ಉಂಗುರ ಎದ್ದು ಬಟ್ಟಲಿನ ಅಂಚಿನವರೆಗೆ ಹೋಯಿತು. ಮತ್ತೆ ಮಿಡುಕಿತು.

“ಈಗ ಫ್ಯಾನಿಲ್ಲ,” ಎಂದಳು ಮಗಳು.

ಬೀಗದವನು ಅದನ್ನು ಚಮಚದಲ್ಲಿ ಎತ್ತಿ, ಒದ್ದೆಯಿದ್ದಂತೆಯೇ ಗೂಡಿಗೆ ಸೇರಿಸಿದ. ಉಳಿದೆರಡನ್ನೂ ಪಕ್ಕದಲ್ಲಿ ಇಟ್ಟ. ಟೋಪಿಯವಳು ಅವನ ಬೆರಳನ್ನು ಕುಕ್ಕಿ, ಮೇಲೆ ಹೋಗಿ ಕೂತಿತು.

ಬೆಳಗ್ಗೆ ಅವಳು ಹೊರಡುವಾಗ ಆ ಮೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕು ಇತ್ತು, ಅಷ್ಟೇ. ಹೊರಬರುವ ಶಕ್ತಿ ಇರುತ್ತದೋ ಇಲ್ಲವೋ. ಬಿಡಿಸಲು ಹೋದರೆ ರಕ್ತ ಸೋರಿ ಸಾಯುತ್ತದೆ ಎಂದು ಬೀಗದವನು ಬೆರಳುಗಳನ್ನು ಕಂಕುಳಲ್ಲಿ ಇರಿಸಿಕೊಂಡು ನಿಂತಿದ್ದ. ಒಂದು ದಿನ ರಜ ಹಾಕಬಹುದಿತ್ತು. ಅವಳು ಚಪ್ಪಲಿ ಮೆಟ್ಟಿದಳು.

ಸಂಜೆ ಬಂದಾಗ ಪಂಜರದ ತಳದಲ್ಲಿ ಅರ್ಧ ಚಿಪ್ಪು ಬಿದ್ದಿತ್ತು. ಗೂಡಿನಲ್ಲಿ ಗುಲಾಬಿ ಬಣ್ಣದ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದೊಂದು ಜೀವ ಬಾಯಿ ತೆರೆದುಕೊಂಡಿತ್ತು. ಬೀಗದವನು ಅಂಗಡಿ ಬೇಗ ಮುಚ್ಚಿ ಬಂದು ಸ್ಟೂಲಿನ ಮೇಲೆ ಕೂತಿದ್ದ.

“ಒಂದೇ,” ಎಂದ. “ಮೂರರಲ್ಲಿ ಒಂದೇ.”

ಒಳಗಿನಿಂದ ಅತ್ತೆಯ ದನಿ ಬಂತು.

“ಮರಿ ಬಂದ್ರೆ ಅಂತ ನೀನೇ ಒಪ್ಕೊಂಡಿದ್ದೆ. ಎಷ್ಟು ಅಂತ ಹೇಳಿರಲಿಲ್ಲ. ನಾನು ಕೇಳಿಸ್ಕೊಂಡಿದ್ದೀನಿ.”

ಅವನು ಗೂಡಿನ ಕಡೆ ಬಗ್ಗಿ ನೋಡುತ್ತಾ ಕೇಳಿದ: “ಆ ಅನುಮಾನದ ಮೊಟ್ಟೆ ಇನ್ನೂ ಇದೆಯಲ್ಲ. ನಾಳೆನೂ ತಟ್ಟೆ ಇಡ್ಲಾ?”

“ಇಡಿ. ಇಟ್ಟ ಮೇಲೆ ನೆಲ ಒರೆಸಿ. ಒಣಗಿದ ಮೇಲೆ ಹೋಗಲ್ಲ ಅದು.”

ಅವನು ನೆಲವನ್ನು ಮೊದಲ ಸಲ ನೋಡುವವನಂತೆ ನೋಡಿದ. ಒಂದರ ಮೇಲೊಂದು ಬಿದ್ದ ನೀರಿನ ಕಲೆಗಳು ಇದ್ದವು. ಮೂರನೆಯ ದಿನದ್ದೂ ಇತ್ತು, ಬಾಗಿಲ ಹಿಂದಕ್ಕೆ ಹರಿದಿತ್ತು. ಅವಳಿಗೆ ಅವತ್ತು ಕಂಡಿರಲಿಲ್ಲ.

ಅವಳು ಒಳಗೆ ಹೋಗಿ ಒಂದು ಲೋಟ ಚಹಾ ಮಾಡಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ಅವನು ಅಡುಗೆಮನೆಯಲ್ಲಿ ಒಂದು ಬಾಗಿಲು ತೆಗೆದ, ಮುಚ್ಚಿದ. ಇನ್ನೊಂದು ತೆಗೆದ.

“ಲೇ, ನೆಲ ಒರೆಸೋ ಬಟ್ಟೆ ಎಲ್ಲಿರುತ್ತೆ?”

ಅತ್ತೆ ಹೇಳಲು ಬಾಯಿ ತೆರೆದಳು. ಚಾದರದಕ್ಕ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಅತ್ತೆ ಬಾಯಿ ಮುಚ್ಚಿಕೊಂಡಳು.

ಚಹಾ ಇನ್ನೂ ಬಿಸಿಯಿತ್ತು. ಅವನು ಹುಡುಕುತ್ತಿದ್ದ.